ಪಿಯಾನೋ ಮತ್ತು ಕುಂಚ: ಜೆರಾರ್ಡ್ ಸೆಕೋಟೊ ಅವರ ಪ್ಯಾರಿಸ್ ವರ್ಷಗಳು

ದಕ್ಷಿಣ ಆಫ್ರಿಕಾದ ಚಿತ್ರಕಾರ ಜೆರಾರ್ಡ್ ಸೆಕೋಟೊ 1947ರಲ್ಲಿ ಲಂಡನ್ ಮಾರ್ಗವಾಗಿ ಪ್ಯಾರಿಸ್ ಸೇರಿದರು. ಚಿತ್ರಕಲೆಗೆಂದು ಹೋದವರಿಗೆ ಆ ನಗರದಲ್ಲಿ ಅನ್ನಕ್ಕೆ ದಾರಿಯಾದದ್ದು ಪಿಯಾನೋ. ಅಲ್ಲಿಂದ ಮುಂದೆ, 1993ರಲ್ಲಿ ತೀರಿಕೊಳ್ಳುವವರೆಗೂ, ಅವರು ತಾಯ್ನಾಡಿಗೆ ಮರಳಲಿಲ್ಲ. ದಕ್ಷಿಣ ಆಫ್ರಿಕಾದ ಕಲಾಚರಿತ್ರೆಯಲ್ಲಿ ಅವರ ಸ್ಥಾನ ಇಂದು ನಿರ್ವಿವಾದ. ಆದರೆ ಆ ಸ್ಥಾನ ಬಹುಮಟ್ಟಿಗೆ ನಿಂತಿರುವುದು 1938ರಿಂದ 1947ರವರೆಗೆ ಅವರು ಬರೆದ ಚಿತ್ರಗಳ ಮೇಲೆ. ಪ್ಯಾರಿಸಿನ ನಾಲ್ಕು ದಶಕಗಳನ್ನು ವಿಮರ್ಶೆ ಹೆಚ್ಚಾಗಿ ಇಳಿಗಾಲವೆಂದೇ ಪರಿಗಣಿಸಿದೆ. ನೆಲ ಬಿಟ್ಟ ಕಲಾವಿದ ನೆನಪನ್ನೇ ಮತ್ತೆ ಮತ್ತೆ ಬರೆದು ಸೊರಗಿದನೆಂಬುದು ಈ ವಾದದ ತಿರುಳು. ಸೆಕೋಟೊ ಅವರ ಸಂಗೀತವನ್ನು ಹೊಟ್ಟೆಪಾಡಿನ ಕಸುಬೆಂದು ಬದಿಗಿಟ್ಟಾಗ ಮಾತ್ರ ಈ ವಾದ ಸಲೀಸಾಗಿ ನಿಲ್ಲುತ್ತದೆ.

ಸೆಕೋಟೊ ಹುಟ್ಟಿದ್ದು 1913ರ ಡಿಸೆಂಬರ್ 9ರಂದು, ಮಿಡಲ್‌ಬರ್ಗ್ ಬಳಿಯ ಬೋಟ್ಶಾಬೆಲೋ ಎಂಬ ಲೂಥರನ್ ಮಿಷನ್ ನೆಲೆಯಲ್ಲಿ. ಸೋತೋ ನುಡಿಯಲ್ಲಿ ಆ ಹೆಸರಿಗೆ ಆಶ್ರಯದ ತಾಣವೆಂದು ಅರ್ಥ. ತಂದೆ ಆಂಡ್ರಿಯಾಸ್ ಧರ್ಮಬೋಧಕರೂ ಶಾಲಾ ಶಿಕ್ಷಕರೂ ಆಗಿದ್ದವರು. ಮನೆಯಲ್ಲಿ ಹಾರ್ಮೋನಿಯಂ ಇತ್ತು. ಬಾಲಕ ಕುಂಚ ಹಿಡಿಯುವ ಮೊದಲೇ ಅದರ ಮನೆಗಳ ಮೇಲೆ ಬೆರಳಾಡಿಸಿದ್ದ. ಹೀಗೆ ಸಂಗೀತವು ಅವರಿಗೆ ವಲಸೆಯಲ್ಲಿ ಅನಿವಾರ್ಯವಾಗಿ ಅಂಟಿಕೊಂಡ ವಿದ್ಯೆಯಲ್ಲ. ಅದು ಚಿತ್ರಕಲೆಗಿಂತ ಹಳೆಯ ನಂಟು. ಶಿಕ್ಷಕ ತರಬೇತಿ ಪಡೆದು ಕೆಲವು ವರ್ಷ ಪಾಠ ಹೇಳಿದ ಸೆಕೋಟೊ, 1938ರಲ್ಲಿ ಕೆಲಸ ಬಿಟ್ಟು ಜೊಹಾನ್ಸ್‌ಬರ್ಗ್‌ಗೆ ಬಂದು, ಸೋಫಿಯಾಟೌನಿನಲ್ಲಿ ಬಂಧುಗಳ ಮನೆಯಲ್ಲಿ ನೆಲೆಸಿದರು. ಕಪ್ಪು ಜನರೂ ಸ್ವಂತ ನಿವೇಶನ ಹೊಂದಬಹುದಾಗಿದ್ದ ವಿರಳ ಬಡಾವಣೆಗಳಲ್ಲಿ ಅದೂ ಒಂದು. ಅಲ್ಲಿನ ಬೀದಿಯೊಂದನ್ನು ಚಿತ್ರಿಸಿದ ‘ಹಳದಿ ಮನೆಗಳು’ ಕೃತಿಯನ್ನು 1940ರಲ್ಲಿ ಜೊಹಾನ್ಸ್‌ಬರ್ಗ್ ಕಲಾಸಂಗ್ರಹಾಲಯ ಕೊಂಡಿತು. ಕಪ್ಪು ಕಲಾವಿದನೊಬ್ಬನ ಚಿತ್ರ ಆ ಸಂಗ್ರಹವನ್ನು ಪ್ರವೇಶಿಸಿದ್ದು ಅದೇ ಮೊದಲು. 1942ರಲ್ಲಿ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್‌ಗೂ 1945ರಲ್ಲಿ ಪ್ರಿಟೋರಿಯಾದ ಈಸ್ಟ್‌ವುಡ್‌ಗೂ ಅವರ ವಾಸ ಬದಲಾಯಿತು. ಅಂಗಳದಲ್ಲಿ ಹರಟುವವರು, ನೀರು ಹೊರುವವರು, ದುಡಿದು ಮನೆಗೆ ಮರಳುವವರು ಈ ಚಿತ್ರಗಳ ವಸ್ತು.

ಈ ಅವಧಿಯ ಕೊನೆಗೆ ಬಂದ ‘ಪಿಕಾಸಿಯ ಹಾಡು’ ಎರಡು ಕಲೆಗಳ ಸಂಬಂಧವನ್ನು ತನ್ನ ಹೆಸರಿನಲ್ಲೇ ಸೂಚಿಸುತ್ತದೆ. ಛಾಯಾಚಿತ್ರವೊಂದನ್ನು ಆಧರಿಸಿದ ಈ ಕೃತಿಯಲ್ಲಿ ಕೂಲಿಕಾರರು ಸಾಲಾಗಿ ನಿಂತು ಒಟ್ಟಿಗೆ ಪಿಕಾಸಿ ಎತ್ತಿದ್ದಾರೆ. ಎದುರಿಗೆ ಬಿಳಿಯ ಮೇಸ್ತ್ರಿ ಒಬ್ಬಂಟಿಯಾಗಿ ನಿಂತಿದ್ದಾನೆ. ಒಂದೇ ಓರೆಯಲ್ಲಿ ಬಾಗಿದ ಮೈಗಳು, ಒಂದೇ ಎತ್ತರಕ್ಕೇರಿದ ಹಿಡಿಗಳು ದುಡಿಮೆಯ ಹಾಡಿನ ತಾಳವನ್ನು ಕಣ್ಣಿಗೆ ಒಪ್ಪಿಸುತ್ತವೆ. ಹಾಡು ಕೇಳಿಸದೆ ಈ ಚಿತ್ರದ ರಾಜಕೀಯ ಅರ್ಥವಾಗುವುದಿಲ್ಲ. ಕೂಲಿಕಾರರನ್ನು ಒಂದುಗೂಡಿಸಿರುವುದು ಮೇಸ್ತ್ರಿಯ ಅಪ್ಪಣೆಯಲ್ಲ, ಅವರದೇ ಲಯ.

ಪ್ಯಾರಿಸಿನ ಮೊದಲ ವರ್ಷಗಳು ಕಷ್ಟದವು. ಸಾಂ ಜರ್ಮೆಂ ಪ್ರದೇಶದ ‘ಲೆಶೆಲ್ ದ ಜಾಕೋಬ್’, ಎಂದರೆ ‘ಯಾಕೋಬನ ಏಣಿ’ ಎಂಬ ಪಾನಗೃಹದಲ್ಲಿ ಅವರಿಗೆ ಪಿಯಾನೋ ನುಡಿಸುವ ಕೆಲಸ ಆಕಸ್ಮಿಕವಾಗಿ ದೊರೆಯಿತು. ರಾತ್ರಿ ಅಲ್ಲಿ ನುಡಿಸಿ ಗಳಿಸಿದ್ದು ಊಟಕ್ಕೂ ಕಲಾಶಾಲೆಯ ವೆಚ್ಚಕ್ಕೂ ಒದಗುತ್ತಿತ್ತು. ಅವರು ಅಲ್ಲಿ ಜಾಜ್ ನುಡಿಸಿದರು, ಫ್ರೆಂಚ್ ಜನಪ್ರಿಯ ಗೀತೆಗಳನ್ನೂ ಅಮೆರಿಕದ ಕಪ್ಪು ಜನರ ‘ಸ್ಪಿರಿಚುವಲ್’ ಭಕ್ತಿಗೀತೆಗಳನ್ನೂ ಹಾಡಿದರು. ಇಲ್ಲೊಂದು ವಿಪರ್ಯಾಸವಿದೆ. ಆ ಭಕ್ತಿಗೀತೆಗಳು ಹುಟ್ಟಿದ್ದು ಅಮೆರಿಕದ ಗುಲಾಮಗಿರಿಯ ಅನುಭವದಲ್ಲಿ, ಟ್ರಾನ್ಸ್‌ವಾಲ್ ಪ್ರಾಂತದ ಮಿಷನ್ ಅಂಗಳದಲ್ಲಲ್ಲ. ಆಫ್ರಿಕಾದಿಂದಲೇ ಬಂದವನು ಪ್ಯಾರಿಸಿನ ಕೇಳುಗರ ಮುಂದೆ ತನ್ನ ಕಪ್ಪುತನವನ್ನು ಮತ್ತೊಂದು ಖಂಡದ ರಾಗದಲ್ಲಿ ನಿರೂಪಿಸಬೇಕಾಯಿತು.

ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸ್ವತಃ 29 ಹಾಡುಗಳನ್ನು ರಚಿಸಿದರು. 1956ರಿಂದ 1960ರ ನಡುವೆ ಅವುಗಳಲ್ಲಿ ಹಲವು ಪ್ಯಾರಿಸಿನಲ್ಲಿ ಪ್ರಕಟವಾದವು. ಪರದೇಶದ ಒಂಟಿತನ ಈ ರಚನೆಗಳ ಮುಖ್ಯ ಭಾವ. ಇದೇ ಕಾಲದಲ್ಲಿ, 1959ರಲ್ಲಿ ರೋಮಿನಲ್ಲಿ ನಡೆದ ಕಪ್ಪು ಲೇಖಕರ ಮತ್ತು ಕಲಾವಿದರ ಎರಡನೆಯ ಸಮಾವೇಶದಲ್ಲಿ ಅವರು ಆಫ್ರಿಕನ್ ಸಂಸ್ಕೃತಿಯಲ್ಲಿನ ಹೊಣೆಗಾರಿಕೆ ಮತ್ತು ಒಗ್ಗಟ್ಟನ್ನು ಕುರಿತು ಮಾತನಾಡಿದರು. 1966ರಲ್ಲಿ ಡಾಕಾರ್‌ನಲ್ಲಿ ನಡೆದ ಕಪ್ಪು ಕಲೆಗಳ ಮೊದಲ ವಿಶ್ವ ಉತ್ಸವಕ್ಕೆ ಹೋಗಿ, ಸುಮಾರು ಒಂದು ವರ್ಷ ಸೆನೆಗಲ್‌ನಲ್ಲೇ ಉಳಿದು ಚಿತ್ರ ಬರೆದರು. ಹುಟ್ಟಿದ ನಾಡಿಗೆ ಹೋಗದಿದ್ದವರು ಖಂಡದ ಇನ್ನೊಂದು ಅಂಚಿನಿಂದ ಆಫ್ರಿಕಾವನ್ನು ಮತ್ತೆ ಹೊಕ್ಕರು.

ಇತ್ತ ದಕ್ಷಿಣ ಆಫ್ರಿಕಾದಲ್ಲಿ ಅವರ ಚಿತ್ರಗಳ ನೆಲವೇ ಇಲ್ಲವಾಗುತ್ತಿತ್ತು. ಅವರು ಹೊರಟ ಮರುವರ್ಷ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದು ವರ್ಣಭೇದವನ್ನು ಶಾಸನವಾಗಿಸಿತು. 1950ರ ವಸತಿ ವಿಭಜನೆಯ ಕಾಯಿದೆ ಯಾವ ಬಣ್ಣದವರು ಎಲ್ಲಿ ಬಾಳಬೇಕೆಂಬುದನ್ನು ನಿಗದಿಪಡಿಸಿತು. 1955ರ ಫೆಬ್ರವರಿಯಲ್ಲಿ ಸೋಫಿಯಾಟೌನಿನ ತೆರವು ಆರಂಭವಾಯಿತು. ಮನೆಗಳನ್ನು ಕೆಡವಿದ ಜಾಗದಲ್ಲಿ ಎದ್ದ ಬಿಳಿಯರ ಬಡಾವಣೆಗೆ ‘ಟ್ರಯೋಂಫ್’, ಅಂದರೆ ವಿಜಯ, ಎಂದು ಹೆಸರಿಟ್ಟರು. 1966ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಬಿಳಿಯರಿಗೆ ಮೀಸಲೆಂದು ಘೋಷಿತವಾಯಿತು. ಈಸ್ಟ್‌ವುಡ್ ಕೂಡ ಉಳಿಯಲಿಲ್ಲ.

ಪ್ಯಾರಿಸಿನಲ್ಲಿ ಸೆಕೋಟೊ ಈ ಬೀದಿಗಳನ್ನು ನೆನಪಿನಿಂದ ಮತ್ತೆ ಬರೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪುನರಾವರ್ತನೆ ಇದೆಯೆಂಬುದು ನಿಜ. ಎಲ್ಲ ಕೃತಿಗಳಲ್ಲೂ ಮೊದಲಿನ ಬಿಗಿ ಇಲ್ಲವೆಂಬುದೂ ನಿಜ. ಆದರೆ ಹಾಡುಗಾರ ಒಂದೇ ಪಲ್ಲವಿಗೆ ಮರಳುವುದನ್ನು ಯಾರೂ ಸೊರಗೆಂದು ಕರೆಯುವುದಿಲ್ಲ. ಪ್ರತಿ ರಾತ್ರಿ ಪಿಯಾನೋ ಮುಂದೆ ಕುಳಿತವನಿಗೆ ಮರಳುವಿಕೆಯೇ ಕಲೆಯ ಸಹಜ ಕ್ರಮ. 1947ರವರೆಗೆ ಕಂಡದ್ದನ್ನು ಬರೆದ ಕುಂಚ ಆಮೇಲೆ ಕಾಣದಂತಾದದ್ದನ್ನು ಕಾಯುವ ಕೆಲಸಕ್ಕೆ ತೊಡಗಿತು. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ. ಇಲ್ಲಿನ ಪ್ರಶ್ನೆ ಒಬ್ಬ ಕಲಾವಿದನ ಬೆಲೆಕಟ್ಟುವಿಕೆಗೆ ಸೀಮಿತವಲ್ಲ. ನೆಲದ ಮೇಲೆ ಉಳಿದವರ ಕೃತಿಯನ್ನೇ ಅಸಲೆಂದೂ ದೂರದಲ್ಲಿದ್ದವರದನ್ನು ಅದರ ಮಸುಕು ನಕಲೆಂದೂ ಎಣಿಸುವ ಚರಿತ್ರೆ, ಆ ನೆಲದಿಂದ ಜನರನ್ನು ಎಬ್ಬಿಸಿದ ಶಾಸನವನ್ನು ಮರೆತೇ ಬರೆದ ಚರಿತ್ರೆಯಾಗುತ್ತದೆ.

ಇತ್ತೀಚಿನ ದಶಕಗಳಲ್ಲಿ ಈ ತಿದ್ದುಪಡಿಗೆ ದಾರಿ ತೆರೆದಿದೆ. ಬಾರ್ಬರಾ ಲಿಂಡಪ್ ಅವರ ಗ್ರಂಥವೂ ಮನೋವಿಜ್ಞಾನಿ ಚಬಾನಿ ಮಂಗಾನ್ಯಿ ಬರೆದ ಜೀವನಚರಿತ್ರೆಯೂ ಸೆಕೋಟೊ ಅವರನ್ನು ಓದುಗರಿಗೆ ಮರಳಿ ತಂದವು. 1940ರಲ್ಲಿ ಅವರ ಚಿತ್ರ ಕೊಂಡಿದ್ದ ಜೊಹಾನ್ಸ್‌ಬರ್ಗ್ ಸಂಗ್ರಹಾಲಯವೇ 1989ರಲ್ಲಿ ಅವರ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿತು. ಅದೇ ವರ್ಷ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಊರಿಗೆ ಮರಳಿದ್ದು ಹೆಸರು ಮತ್ತು ಚಿತ್ರಗಳು ಮಾತ್ರ. 1993ರ ಮಾರ್ಚ್ 20ರಂದು ಪ್ಯಾರಿಸ್ ಹೊರವಲಯದ ನೊಜಾಂ ಸುರ್ ಮಾರ್ನ್‌ನಲ್ಲಿ ಸೆಕೋಟೊ ತೀರಿಕೊಂಡರು. ದಕ್ಷಿಣ ಆಫ್ರಿಕಾದ ಎಲ್ಲ ಬಣ್ಣದವರೂ ಮತ ಚಲಾಯಿಸಿದ ಮೊದಲ ಚುನಾವಣೆಗೆ ಆಗ ಇನ್ನೂ ಹದಿಮೂರು ತಿಂಗಳು ಬಾಕಿಯಿತ್ತು.