ರಸ್ತೆಯ ಮೇಲೊಂದು ನಗರ

ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನನ್ನು ಬಹಳ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ನೀವು ಮರಾಠಿಯವರಾ?’ ನನ್ನೂರು ಅಥಣಿ ತಾಲ್ಲೂಕಿನ ಕೊಕಟನೂರ. ಮನೆಮಾತು ಕನ್ನಡ. ಆದರೆ ಮಾತಿನ ನಡುವೆ ಬರುವ ‘ಲಗೂನ’, ‘ಖರೇ’ಗಳನ್ನು ಕೇಳಿದವರಿಗೆ ಅನುಮಾನ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ‘ಇಲ್ಲ, ನಾವು ಕನ್ನಡದವರೇ’ ಎಂದು ಸ್ವಲ್ಪ ಜೋರಾಗಿಯೇ ಹೇಳುವುದನ್ನು ಕಲಿತೆ. ಆ ಜೋರುದನಿ ನನ್ನ ಸಂಶೋಧನೆಯೊಳಗೂ ನುಸುಳಿತ್ತು ಎಂಬುದು ತಿಳಿದದ್ದು ಹೋದ ವರ್ಷ.

ಕರ್ನಾಟಕದ ರೈತ ಚಳವಳಿಗಳ ಮೇಲೆ ಒಂದು ಅಧ್ಯಾಯ ಬರೆದು ಮುಗಿಸಿ ಊರಿಗೆ ಹೋಗಿದ್ದೆ. ನಮ್ಮ ಅಜ್ಜನ ತಮ್ಮ ಕಟ್ಟೆಯ ಮೇಲೆ ಕೂತು, ‘ಏನ್ ಬರದಿಪಾ ಅಷ್ಟ್ ದಿನಾ?’ ಎಂದು ಕೇಳಿದ. ನರಗುಂದ, ನವಲಗುಂದದಿಂದ ಶುರುಮಾಡಿ ಹೇಳಿದೆ. ಎಲ್ಲ ಕೇಳಿದ ಮೇಲೆ, ‘ನಿಪ್ಪಾಣಿದು ಬರದಿಲ್ಲೇನು? ಹನ್ನೆಡ್ ಮಂದಿ ಸತ್ತಿದ್ರಲ್ಲೋ ಅಲ್ಲಿ’ ಅಂದ.

ಬರೆದಿರಲಿಲ್ಲ.

ಮುತ್ಯಾ ಆಗ ಲಾರಿ ಕ್ಲೀನರ್. ಕೊಲ್ಲಾಪುರದ ಕಡೆ ಹೊರಟಿದ್ದ ಲಾರಿ ನಿಪ್ಪಾಣಿಯ ಹತ್ತಿರ ನಿಂತುಬಿಟ್ಟಿತಂತೆ. ಮುಂದೆ ಕಣ್ಣು ಹಾಯುವಷ್ಟು ದೂರ ರಸ್ತೆಯ ಮೇಲೆ ಜನ, ಎತ್ತಿನ ಬಂಡಿ, ಒಲೆಗಳ ಹೊಗೆ. ಒಬ್ಬ ಹೆಣ್ಣುಮಗಳು ಬಂದು ಭಾಕರಿ, ಝುಣಕಾ ಕೊಟ್ಟು ಮರಾಠಿಯಲ್ಲಿ ಏನೋ ಕೇಳಿದಳಂತೆ. ಈತ ಕನ್ನಡದಲ್ಲಿ ಉತ್ತರ ಕೊಟ್ಟನಂತೆ. ಡ್ರೈವರ್ ಸಿಕ್ಕ ಸಂದಿಯಲ್ಲಿ ಲಾರಿ ತಿರುಗಿಸಿಕೊಂಡು ಬಂದ. ಗೋಳಿಬಾರ್ ಆದ ಸುದ್ದಿ ಆಮೇಲೆ ತಿಳಿಯಿತು.

1981ರ ಮಾತು ಅದು. ಬೀಡಿ ತಂಬಾಕು ನಿಪ್ಪಾಣಿ ಸೀಮೆಯ ದೊಡ್ಡ ಬೆಳೆ, ಆದರೆ ಅದರ ದರ ಬೆಳೆದವನ ಕೈಯಲ್ಲಿರಲಿಲ್ಲ. ವ್ಯಾಪಾರಿ ಎಲೆ ನೋಡಿ ದರ ಹೇಳುತ್ತಿದ್ದ, ತೂಕದಲ್ಲಿ ಮುರಿದುಕೊಳ್ಳುತ್ತಿದ್ದ, ದುಡ್ಡು ಕೊಡಲು ತಿಂಗಳುಗಟ್ಟಲೆ ಅಲೆಸುತ್ತಿದ್ದ. ಆ ಮಾರ್ಚ್‌ನಲ್ಲಿ ಸಾವಿರಾರು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಬಂದು ಕೂತರು. ಮೂರು ವಾರಕ್ಕೂ ಹೆಚ್ಚು ದಿನ ಅಲ್ಲೇ ಅಡಿಗೆ, ಅಲ್ಲೇ ನಿದ್ದೆ, ಅಲ್ಲೇ ಭಾಷಣ. ಆ ಠಾವಿಗೆ ‘ಆಂದೋಲನ ನಗರ’ ಎಂದು ಹೆಸರೂ ಬಿತ್ತು. ಏಪ್ರಿಲ್ 6ರಂದು ಪೊಲೀಸರು ಅವರನ್ನು ಎಬ್ಬಿಸಲು ಬಂದರು, ಗುಂಡು ಹಾರಿಸಿದರು. ಹನ್ನೆರಡು ರೈತರು ಸತ್ತರು. ಮುಖ್ಯಮಂತ್ರಿ ಗುಂಡೂರಾವ್.

ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1980ರ ಜುಲೈ 21ರಂದು, ಇದೇ ಸರ್ಕಾರದ ಪೊಲೀಸರು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿಸಿದ್ದರು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಿದ್ದರು. ಅಲ್ಲಿಂದ ಹೊತ್ತಿದ ಕಿಚ್ಚಿನಲ್ಲೇ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಕಾಂಗ್ರೆಸ್ ಸೋತದ್ದಕ್ಕೆ ಕಾರಣ ಹುಡುಕುವ ಯಾರೇ ಆದರೂ ನರಗುಂದದ ಹೆಸರು ಹೇಳುತ್ತಾರೆ, ಗೋಕಾಕ್ ಚಳವಳಿಯ ಹೆಸರು ಹೇಳುತ್ತಾರೆ. ನಿಪ್ಪಾಣಿಯ ಹೆಸರು ಹೇಳುವವರು ಕಡಿಮೆ.

ಬೆಂಗಳೂರಿಗೆ ವಾಪಸ್ ಬಂದು ನನ್ನ ಟಿಪ್ಪಣಿಗಳ ಪೆಟ್ಟಿಗೆ ತೆಗೆದೆ. ನಿಪ್ಪಾಣಿ 1981ರ ಚೀಟಿ ಇತ್ತು. ಆದರೆ ಅದನ್ನು ನಾನು ‘ರೈತ ಚಳವಳಿ’ಯ ಕಟ್ಟಿನಲ್ಲಿ ಇಟ್ಟಿರಲಿಲ್ಲ, ‘ಗಡಿ ವಿವಾದ’ದ ಕಟ್ಟಿನಲ್ಲಿ ಇಟ್ಟಿದ್ದೆ. ಕೂತವರು ಹೆಚ್ಚಾಗಿ ಮರಾಠಿ ಮಾತಾಡುವವರು, ನಾಯಕ ಶರದ್ ಜೋಶಿ, ಸಂಘಟನೆ ಶೇತಕರಿ ಸಂಘಟನೆ, ಊರು ನಿಪ್ಪಾಣಿ. 1956ರಿಂದ ಎರಡು ರಾಜ್ಯಗಳು ಜಗ್ಗಾಡುತ್ತಿರುವ ಊರು, ಮಹಾಜನ ಆಯೋಗ ಮಹಾರಾಷ್ಟ್ರಕ್ಕೆ ಕೊಡಿ ಎಂದಿದ್ದ ಊರು. ಇಷ್ಟು ಸಾಕಾಯಿತು ನನ್ನ ಕೈಗೆ. ರಸ್ತೆಯಲ್ಲಿ ಕೂತವರು ಕೇಳಿದ್ದು ತಂಬಾಕಿನ ದರ, ಗಡಿಯನ್ನಲ್ಲ ಎಂಬುದು ಚೀಟಿಯಲ್ಲೇ ನನ್ನ ಅಕ್ಷರದಲ್ಲೇ ಇತ್ತು.

ಅದೇ ಪೆಟ್ಟಿಗೆಯಲ್ಲಿ ನಿಪ್ಪಾಣಿಯ ಇನ್ನೊಂದು ಚೀಟಿಯೂ ಸಿಕ್ಕಿತು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಮುಂಬೈ ಪ್ರಾಂತ್ಯದ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದು ಈ ಊರಲ್ಲಿ. ಅದನ್ನು ಮಾತ್ರ ‘ಕರ್ನಾಟಕದಲ್ಲಿ ದಲಿತ ಚಳವಳಿ’ಯ ಕಟ್ಟಿಗೆ ಹೆಮ್ಮೆಯಿಂದ ಸೇರಿಸಿದ್ದೆ. ಆ ಸಭೆ ಯಾವ ಭಾಷೆಯಲ್ಲಿ ನಡೆಯಿತು ಎಂದು ನಾನು ಕೇಳಿಕೊಂಡಿರಲಿಲ್ಲ.

ಶರದ್ ಜೋಶಿಯವರ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿದ್ದ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನೌಕರಿ ಬಿಟ್ಟು ಪುಣೆ ಹತ್ತಿರ ಜಮೀನು ಮಾಡಿದವರು. ದೇಶದೊಳಗೆ ಎರಡು ದೇಶಗಳಿವೆ, ಒಂದು ‘ಇಂಡಿಯಾ’, ಇನ್ನೊಂದು ಅದು ಸುಲಿಯುವ ‘ಭಾರತ’ ಎನ್ನುತ್ತಿದ್ದರು. ಬೆಂಗಳೂರಿನ ಪಿಜಿಯ ಮೂರನೇ ಮಹಡಿಯಲ್ಲಿ ಕೂತು ಓದುವಾಗ ಈ ಮಾತು ಎದೆಗೆ ನಾಟುತ್ತದೆ. ನಮ್ಮೂರ ಕಬ್ಬು, ದ್ರಾಕ್ಷಿಯ ದರ ನಮ್ಮೂರಲ್ಲಿ ತೀರ್ಮಾನವಾಗುವುದಿಲ್ಲವಲ್ಲ. ಆದರೆ ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿದು, ದಿನವಿಡೀ ಅದರ ಧೂಳು ಕುಡಿಯುತ್ತಿದ್ದ ಹೆಂಗಸರು ಎಲ್ಲಿಗೆ ಸೇರಿದವರು? ಅವರಿಗೆ ಹೊಲವೂ ಇರಲಿಲ್ಲ, ಮಾರುವ ಬೆಳೆಯೂ ಇರಲಿಲ್ಲ. ಎಲೆಯ ದರ ಏರಿದರೆ ಅವರ ಕೂಲಿ ತಾನಾಗಿ ಏರುತ್ತದೆಯೇ?

ಈ ಪ್ರಶ್ನೆಗೆ ಉತ್ತರ ನಿಪ್ಪಾಣಿಯಲ್ಲೇ ಹುಡುಕಿದವರೂ ಇದ್ದರು. ಆ ವರ್ಷಗಳಲ್ಲೇ ಸುಭಾಷ್ ಜೋಶಿ ಮತ್ತವರ ಸಂಗಡಿಗರು ವಖಾರಿಯ ಹೆಂಗಸರನ್ನು ಚಿಕ್ಕೋಡಿ ತಾಲೂಕಾ ಕಾಮಗಾರ್ ಮಹಾಸಂಘದಲ್ಲಿ ಸಂಘಟಿಸಿದರು. ಬೆಳೆಗಾರರ ಹೋರಾಟದಲ್ಲೂ ಅದೇ ಸುಭಾಷ್ ಜೋಶಿ ಇದ್ದರು. ಅದೇ ವ್ಯಾಪಾರಿಯ ಎದುರು ಬೆಳೆದವನೂ ನಿಂತ, ಕೂಲಿಯವಳೂ ನಿಂತಳು. ಇಬ್ಬರ ಹಿತ ಒಂದೇ ಆಗಿತ್ತು ಎಂದು ನಾನು ಹೇಳಲಾರೆ. ಆದರೆ ಚಳವಳಿಯ ಚರಿತ್ರೆ ಓದುವವರಿಗೆ ಇಂಥ ಊರು ಸುಲಭಕ್ಕೆ ಸಿಗುವುದಿಲ್ಲ. ನಾನು ಸಿಕ್ಕಿದ್ದನ್ನೂ ಬೇರೆ ಕಟ್ಟಿನಲ್ಲಿ ಕಟ್ಟಿಟ್ಟಿದ್ದೆ.

ಮರಾಠಿಯಲ್ಲಿ ನಿಪ್ಪಾಣಿ ಶೇತಕರಿ ಸಂಘಟನೆಯ ಚರಿತ್ರೆಯ ದೊಡ್ಡ ಘಟನೆ. ಅಲ್ಲಿ ಸತ್ತವರಿಗೆ ‘ಹುತಾತ್ಮ’ರು ಎಂಬ ಹೆಸರಿದೆ. ಗುಂಡು ಹಾರಿದ್ದು ಕರ್ನಾಟಕದಲ್ಲಿ, ಹಾರಿಸಿದ್ದು ಕರ್ನಾಟಕದ ಪೊಲೀಸರು, ಸತ್ತವರ ಊರುಗಳಿರುವುದು ಈ ಸೀಮೆಯಲ್ಲಿ. ನೆನಪು ಮಾತ್ರ ಗಡಿಯಾಚೆಗೆ ಹೋಗಿದೆ. ಭೂಮಿಯ ಒಂದು ಗೇಣೂ ಬಿಡುವುದಿಲ್ಲ ಎಂದು ವಾದಿಸುವ ನಾವು ಹನ್ನೆರಡು ಹೆಣಗಳನ್ನು ಸುಮ್ಮನೆ ಬಿಟ್ಟುಕೊಟ್ಟಿದ್ದೇವೆ. ಈ ‘ನಾವು’ನಲ್ಲಿ ಮೊದಲು ನಾನೇ ಇದ್ದೇನೆ.

ಅಧ್ಯಾಯಕ್ಕೆ ಈಗ ಹದಿನಾಲ್ಕು ಪುಟ ಸೇರಿಸಿದ್ದೇನೆ. ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಪೆನ್ಸಿಲ್ಲಿನಿಂದ, ‘ಇದು ಕರ್ನಾಟಕದ ಚಳವಳಿಯೇ?’ ಎಂದು ಬರೆದು ಕಳಿಸಿದ್ದಾರೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಎರಡು ವರ್ಷದ ಹಿಂದೆ ನಾನೂ ಅದನ್ನೇ ಬರೆಯುತ್ತಿದ್ದೆ.

ಮೊನ್ನೆ ಫೋನ್ ಮಾಡಿದಾಗ ಮುತ್ಯಾ ಕೇಳಿದ: ‘ಬರದಿ?’

‘ಬರದೇನಿ, ಮುತ್ಯಾ.’

‘ಆ ಝುಣಕಾ ಭಾಕ್ರಿದೂ ಬರದಿ?’

ಅದು ಥೀಸಿಸ್ಸಿನಾಗ ಬರೂದಿಲ್ಲ ಅಂದೆ. ‘ಮತ್ತ ಏನ್ ಬರದಿ?’ ಎಂದು ಫೋನ್ ಇಟ್ಟ. ಅದಕ್ಕೇ ಇಲ್ಲಿ ಬರೆದೆ.