ಬ್ರೂಕ್ಲಿನ್ ಫಲಕದ 256 ಮಂದಿ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಗೊವಾನಸ್ ಕಾಲುವೆಗೆ ಹತ್ತಿರದ ನೈನ್ತ್ ಸ್ಟ್ರೀಟಿನಲ್ಲಿ, ಮಾಜಿ ಸೈನಿಕರ ಸಂಘದ ಕಟ್ಟಡವೊಂದಿದೆ. ಅಲ್ಲಿನ ಫಲಕ ಹೇಳುವುದು ಇಷ್ಟೇ: 1776ರ ಆಗಸ್ಟ್ 27ರ ಬ್ರೂಕ್ಲಿನ್ ಕದನದಲ್ಲಿ ಮಡಿದ ಮೇರಿಲ್ಯಾಂಡಿನ 256 ಸೈನಿಕರನ್ನು ಇಲ್ಲಿ ಹೂಳಲಾಗಿದೆ.

ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಬ್ರಿಟಿಷ್ ಸೇನಾಪತಿ ವಿಲಿಯಂ ಹೋವ್ ಸುಮಾರು ಹತ್ತು ಸಾವಿರ ಸೈನಿಕರನ್ನು ರಾತ್ರೋರಾತ್ರಿ ಜಮೈಕಾ ಕಣಿವೆದಾರಿಯಲ್ಲಿ ಸುತ್ತಿಸಿ ತಂದ. ಆ ದಾರಿಯನ್ನು ಕಾಯುತ್ತಿದ್ದವರು ಐದೇ ಐದು ಅಧಿಕಾರಿಗಳು! ಬೆಳಗಾಗುವಷ್ಟರಲ್ಲಿ ಅಮೆರಿಕನ್ನರ ಬೆನ್ನಿಗೇ ಶತ್ರು ನಿಂತಿದ್ದ. ಉಳಿದಿದ್ದ ದಾರಿ ಒಂದೇ, ಗೊವಾನಸ್ಸಿನ ಜೌಗು ದಾಟಿ ಓಡುವುದು. ಉಬ್ಬರದ ನೀರು ಬೇರೆ ಏರುತ್ತಿತ್ತು. ಹಾಗೆ ಓಡುವವರಿಗೆ ಸಮಯ ಸಿಗಲೆಂದು ಲಾರ್ಡ್ ಸ್ಟರ್ಲಿಂಗ್ ಮತ್ತು ಮೇಜರ್ ಮೊರ್ಡೆಕೈ ಗಿಸ್ಟ್ ಮೇರಿಲ್ಯಾಂಡಿನ ಕೆಲವು ನೂರು ಜನರನ್ನು ಕಟ್ಟಿಕೊಂಡು, ಹಳೆಯ ಕಲ್ಲುಮನೆಯೊಂದರ ಬಳಿ ಬ್ರಿಟಿಷರ ಮೇಲೆ ಮತ್ತೆ ಮತ್ತೆ ನುಗ್ಗಿದರು. ಎದುರಿಗಿದ್ದವನು ಕಾರ್ನ್‌ವಾಲಿಸ್. ಹೌದು, ನಮಗೆ ಗೊತ್ತಿರುವ ಅದೇ ಕಾರ್ನ್‌ವಾಲಿಸ್.

ಸ್ಟರ್ಲಿಂಗ್ ಸೆರೆಯಾದ. ಆದರೆ ಸೇನೆಯ ಬಹುಪಾಲು ಉಳಿಯಿತು. ಎರಡು ದಿನದ ನಂತರ, ರಾತ್ರಿಯ ಕತ್ತಲು ಮತ್ತು ಬೆಳಗಿನ ಮಂಜಿನ ಮರೆಯಲ್ಲಿ, ವಾಷಿಂಗ್ಟನ್ ಸುಮಾರು ಒಂಬತ್ತು ಸಾವಿರ ಜನರನ್ನು ದೋಣಿಗಳಲ್ಲಿ ಈಸ್ಟ್ ರಿವರ್ ದಾಟಿಸಿದ. ಸೋತ ಯುದ್ಧವೊಂದು ಯುದ್ಧದ ಕೊನೆಯಾಗದೆ ಹೋದದ್ದು ಹೀಗೆ.

ಇನ್ನು ಆ 256. ಅದು ಆ ದಿನ ಮೇರಿಲ್ಯಾಂಡ್ ಪಡೆ ಕಳೆದುಕೊಂಡವರ ಲೆಕ್ಕ, ಅಂದರೆ ಸತ್ತವರು ಮತ್ತು ಸೆರೆಸಿಕ್ಕವರು ಇಬ್ಬರೂ ಸೇರಿ. ಸೆರೆಯಾದವರೇ ಅನೇಕರು. ಕಾಲ ಕಳೆದಂತೆ 'ಕಳೆದುಕೊಂಡವರು' 'ಮಡಿದವರು' ಆದರು, ಮಡಿದವರು 'ಇಲ್ಲಿ ಹೂಳಲ್ಪಟ್ಟವರು' ಆದರು. 2017ರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಶಾಲೆ ಕಟ್ಟುವ ಮುನ್ನ ಪುರಾತತ್ವಜ್ಞರು ಅಗೆದು ನೋಡಿದರು. ಮೂಳೆಗಳು ಸಿಗಲಿಲ್ಲ. ಇದರಿಂದ ಆ ಸೈನಿಕರ ಧೈರ್ಯಕ್ಕೇನೂ ಕುಂದಿಲ್ಲ. ಆದರೆ ನನಗೆ ತೊಂದರೆ ಕೊಡುವುದು ಬೇರೆ: ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಮಲಗಿಸಿಬಿಟ್ಟರೆ, ಬದುಕುಳಿದು ಸೆರೆಮನೆಯ ಹಸಿವು, ಕಾಯಿಲೆ ಅನುಭವಿಸಿದವರ ಕಥೆಯೇ ಇಲ್ಲವಾಗುತ್ತದೆ. ನುಗ್ಗಿ ಸತ್ತವನಿಗೆ ಫಲಕ ಸುಲಭ, ಸೆರೆಯಲ್ಲಿ ಸವೆದವನಿಗೆ ಕಷ್ಟ.

ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ. ಐದೇ ವರ್ಷದಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚ್ 21ರ ರಾತ್ರಿ ಅವನ ಸೈನ್ಯ ಬೆಂಗಳೂರು ಕೋಟೆಗೆ ನುಗ್ಗಿತು. ಆ ಮುತ್ತಿಗೆಯಲ್ಲಿ ಸತ್ತ ಕಂಪನಿ ಕಡೆಯವರಿಗಾಗಿ ಎತ್ತರದ ಸ್ಮಾರಕ ಸ್ತಂಭವೊಂದು ಹಡ್ಸನ್ ವೃತ್ತದ ಬಳಿ ಇತ್ತು. 1964ರಲ್ಲಿ ಅದನ್ನು ಕೆಡವಿದರು, ಸೆನೋಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಕೆ.ಆರ್. ಮಾರ್ಕೆಟ್ ಬಳಿಯ ಕೋಟೆಗೋಡೆಯ ಫಲಕ ಮಾತ್ರ ಉಳಿದಿದೆ. ಊರಿಗೆ ಹೋದಾಗ ಬಸ್ಸುಗಳ ಗದ್ದಲದ ನಡುವೆ ಒಂದು ನಿಮಿಷ ನಿಂತು ಓದಿ. ಬ್ರಿಟಿಷರು ಯಾವ ಬಿರುಕಿನಿಂದ ಒಳನುಗ್ಗಿದರು, ಯಾವ ದಿನ ನುಗ್ಗಿದರು ಎಂಬುದಷ್ಟೇ ಅದರಲ್ಲಿದೆ. ಆ ರಾತ್ರಿ ಕೋಟೆಯನ್ನು ಕಾಯುತ್ತಲೇ ಸತ್ತ ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನನ ಹೆಸರು ಅದರಲ್ಲಿ ಇಲ್ಲ.