ಕಾರಿನ ದೋಷಸಂಕೇತಗಳ ಗೃಹವಾಚನ

ಮೋಟಾರುಗಾಡಿಯ ಎಂಜಿನ್ನನ್ನು ನಿಯಂತ್ರಿಸುವ ಗಣಕವು ತನ್ನ ಸ್ಮೃತಿಯಲ್ಲಿ ದಾಖಲಿಸಿಕೊಂಡ ದೋಷಸಂಕೇತಗಳನ್ನು ಗಾಡಿಯ ಒಡೆಯನು ತನ್ನ ಮನೆಯಲ್ಲಿಯೇ ಓದಿಕೊಳ್ಳುವ ಕ್ರಮವಿದು. ರೂಢಿಯಲ್ಲಿ ಇದಕ್ಕೆ ಸ್ಕ್ಯಾನರ್ ಹಾಕುವುದೆನ್ನುವರು.

1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಇಂತಹ ಗಣಕಗಳು ನೆಲೆಗೊಂಡ ಮೇಲೆ, ಡ್ಯಾಶ್‌ಬೋರ್ಡಿನ ಕೆಳಗಣ ಕನೆಕ್ಟರಿನ ಎರಡು ಪಿನ್ನುಗಳನ್ನು ತಂತಿಯ ತುಣುಕಿನಿಂದ ಕೂಡಿಸಿ, ಎಚ್ಚರಿಕೆಯ ದೀಪವು ಒಮ್ಮೆ ಮಿನುಗಿ, ಕ್ಷಣಕಾಲ ತಡೆದು, ಮತ್ತೆರಡು ಸಲ ಮಿನುಗಿದರೆ ಅದನ್ನು 12 ಎಂದು ಗ್ರಹಿಸುವ ಪದ್ಧತಿ ಬಳಕೆಗೆ ಬಂದಿತು. ಆದರೆ ಕಂಪನಿಗೊಂದು ಸಂಕೇತಾವಳಿ ಇದ್ದುದರಿಂದ ಒಂದರ ಕೋಷ್ಟಕವು ಮತ್ತೊಂದಕ್ಕೆ ನಿರುಪಯುಕ್ತವಾಗಿದ್ದಿತು. ವಾಯುಮಾಲಿನ್ಯದಿಂದ ಪೀಡಿತವಾದ ಕ್ಯಾಲಿಫೋರ್ನಿಯಾ ರಾಜ್ಯವು 1988ರ ಮಾದರಿಗಳಿಂದ ಸ್ವಯಂತಪಾಸಣೆಯನ್ನು ವಿಧಿಸಿತು. 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ 16 ಪಿನ್ನುಗಳ ಒಂದೇ ಬಗೆಯ ಕನೆಕ್ಟರೂ ಸಮಾನ ಸಂಕೇತಾವಳಿಯೂ ಕಡ್ಡಾಯವಾದುವು. ಕಾರ್ಖಾನೆಯ ಗುಪ್ತಸ್ವತ್ತಿನಂತಿದ್ದ ಜ್ಞಾನವು ಒಡೆಯನಿಗೂ ರಸ್ತೆಬದಿಯ ಮೆಕ್ಯಾನಿಕ್ಕನಿಗೂ ದಕ್ಕಿದ್ದು ಈ ಏಕರೂಪತೆಯಿಂದಲೇ. ಈ ಇತಿಹಾಸದಲ್ಲಿ ಇದಕ್ಕಿಂತ ಹಿರಿದಾದ ಘಟನೆ ಬೇರೊಂದಿಲ್ಲ.

ಭಾರತದಲ್ಲಿ ಭಾರತ್ ಸ್ಟೇಜ್ 4 ನಿಯಮವು 2010ರ ಏಪ್ರಿಲ್ 1ರಂದು ಬೆಂಗಳೂರೂ ಸೇರಿದಂತೆ 13 ಮಹಾನಗರಗಳಲ್ಲಿ ಜಾರಿಗೆ ಬಂದಾಗ ಸ್ವಯಂತಪಾಸಣೆಯ ಮೊದಲ ಹಂತವೂ, 2013ರ ಏಪ್ರಿಲಿನಲ್ಲಿ ಎರಡನೆಯದೂ ಆ ನಿಯಮದ ಗಾಡಿಗಳಿಗೆ ಅನ್ವಯವಾದುವು. ಹಿರಿಯೂರನ್ನೂ ಚಿತ್ರದುರ್ಗವನ್ನೂ ಹಾದು ಪುಣೆಯತ್ತ ಸಾಗುವ ಹೆದ್ದಾರಿಯು ಬೆಂಗಳೂರಿನಿಂದಲೇ ಬರುವುದಾದರೂ, ಆ ನಿಯಮವು ಚಿತ್ರದುರ್ಗ ಜಿಲ್ಲೆಯನ್ನು ಮುಟ್ಟುವುದಕ್ಕೆ ವರ್ಷಗಳೇ ಹಿಡಿದುವು. 2017ರ ಏಪ್ರಿಲ್ 1ರ ಹೊತ್ತಿಗೆ ಅದು ದೇಶಕ್ಕೆಲ್ಲ ವ್ಯಾಪಿಸಿತು. ಆದ್ದರಿಂದ ಇಲ್ಲಿ ಹಳೆಯ ಕಾರಿಗೆ ಸ್ಕ್ಯಾನರ್ ಹಾಕುವವನು ಮಾದರಿಯ ಹೆಸರನ್ನಷ್ಟೇ ನಂಬದೆ, ಅದು ಯಾವ ವರ್ಷದ್ದು, ಯಾವ ನಿಯಮಕ್ಕೊಳಪಟ್ಟು ನೋಂದಣಿಯಾದುದು ಎಂಬುದನ್ನು ಆರ್‌ಸಿಯಲ್ಲಿ ನೋಡಿಕೊಳ್ಳತಕ್ಕದ್ದು. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ 327 ಎಂಬ ಚಿಪ್ಪೂ ಅದರ ಅನುಕರಣಗಳೂ ಅಗ್ಗದ ಬ್ಲೂಟೂತ್ ಉಪಕರಣಗಳಲ್ಲಿ ಹರಡಿದ ಮೇಲೆ ಮೊಬೈಲ್ ಫೋನೇ ವಾಚನಫಲಕವಾಯಿತು.

ಸಂಕೇತದ ಮೊದಲಕ್ಷರ ಪಿ ಆದರೆ ಎಂಜಿನ್ ಮತ್ತು ಗೇರುಗಳ ವ್ಯವಸ್ಥೆ, ಸಿ ಆದರೆ ಚಾಸಿ, ಬಿ ಆದರೆ ಬಾಡಿ, ಯು ಆದರೆ ಗಣಕಗಳ ಪರಸ್ಪರ ಸಂಪರ್ಕ. ಅದು ಕಾಣಿಸುವುದು ಲಕ್ಷಣವನ್ನೇ ಹೊರತು ಕಾರಣವನ್ನಲ್ಲ. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲವೆಂದಷ್ಟೇ ಅರ್ಥ. ಕಾರಣವು ಬಿರಿದ ರಬ್ಬರು ಪೈಪಾಗಿರಬಹುದು, ದುರ್ಬಲವಾದ ಪಂಪಾಗಿರಬಹುದು, ಈ ಬಯಲುಸೀಮೆಯ ಧೂಳು ಅಂಟಿದ ಗಾಳಿಯ ಸೆನ್ಸರೂ ಆಗಿರಬಹುದು. ಸಂಕೇತವನ್ನು ಕಂಡೊಡನೆಯೇ ಆಕ್ಸಿಜನ್ ಸೆನ್ಸರನ್ನು ಬದಲಿಸುವುದು ದ್ರವ್ಯನಾಶವಲ್ಲದೆ ಮತ್ತೇನೂ ಅಲ್ಲ. ಚೆಕ್ ಎಂಜಿನ್ ದೀಪವು ಸ್ಥಿರವಾಗಿ ಉರಿಯುತ್ತಿದ್ದು ಗಾಡಿಯ ನಡೆ ಸರಿಯಿದ್ದರೆ ಹೊಳಲ್ಕೆರೆಯಿಂದಲೋ ಹೊಸದುರ್ಗದಿಂದಲೋ ಗ್ಯಾರೇಜಿನವರೆಗೆ ನಿಧಾನವಾಗಿ ಸಾಗಬಹುದು. ಮಿನುಗತೊಡಗಿದರೆ ಮಾತ್ರ ಸಿಲಿಂಡರಿನಲ್ಲಿ ಸುಡದೆ ಹೊರಬಿದ್ದ ಇಂಧನವು ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತಿರುವುದರಿಂದ ಗಾಡಿಯನ್ನು ಆದಷ್ಟು ಬೇಗ ನಿಲ್ಲಿಸುವುದೇ ಲೇಸು.

ಸಂಕೇತವನ್ನು ಅಳಿಸಿದರೆ, ದೋಷವು ಕಂಡ ಗಳಿಗೆಯ ವೇಗ, ಉಷ್ಣತೆ ಮೊದಲಾದವುಗಳ ದಾಖಲೆಯೂ ಅದರೊಡನೆ ಅಳಿಯುವುದರಿಂದ, ಎಲ್ಲವನ್ನೂ ಮೊದಲು ಕಾಗದದಲ್ಲಿ ಬರೆದಿಟ್ಟುಕೊಂಡು ಮೆಕ್ಯಾನಿಕ್ಕನಿಗೆ ತೋರಿಸತಕ್ಕದ್ದು.